ಸೋಮವಾರದ ಪೀಪಾಯಿ

ಪೀಪಾಯಿಯ ತೂಕ ಪಟ್ಟಿಯಲ್ಲಿದ್ದುದಕ್ಕಿಂತ ಮತ್ತೆ ಹೆಚ್ಚಾಗಿತ್ತು. ಎರಡು ಕಿಲೋ ನಾನ್ನೂರು ಗ್ರಾಂ.

ಸೊಲ್ವೇಗ್ ಪಟ್ಟಿಯನ್ನು ಮೂರನೆಯ ಸಲ ಓದಿದಳು. ಕೈಗವಸು, ನೆಲ ಒರೆಸಿದ ಬಟ್ಟೆ, ಹರಿದ ಮೇಲಂಗಿ, ಎರಡು ಸ್ಪ್ಯಾನರ್. ಎಲ್ಲವೂ ಅಣುಸ್ಥಾವರದಲ್ಲಿ ಬಳಸಿ ಬಿಸುಟವು, ಅಲ್ಪ ವಿಕಿರಣದವು. ‘ಎಲ್ಲಿಂದ ಬಂದದ್ದು’ ಎಂಬ ಕಾಲಮ್ಮಿನಲ್ಲಿ ಎಂದಿನಂತೆ ಒಂದೇ ಪದ: ಸ್ಥಾವರ. ಮಧ್ಯಾಹ್ನ ಮೂರಕ್ಕೆ ಪೀಪಾಯಿ ಸಮುದ್ರದಡಿಯ ಬಂಡೆಗವಿಗೆ ಇಳಿಯಬೇಕು. ಸುತ್ತ ಕಾಂಕ್ರೀಟು ತುಂಬಿದ ಮೇಲೆ ಐನೂರು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಪಟ್ಟಿಯಲ್ಲಿಲ್ಲದ ಒಂದು ಅಂಗಿಗುಂಡಿಯೂ ಒಳಗಿರಬಾರದು.

ತಪ್ಪುತ್ತಿದ್ದುದು ಸೋಮವಾರದ ಪೀಪಾಯಿಗಳು ಮಾತ್ರ. ಸೋಮವಾರ ತುಂಬುವವನು ಹಿಲ್ಡಿಂಗ್. ಇಪ್ಪತ್ತು ದಿನಗಳಲ್ಲಿ ನಿವೃತ್ತನಾಗಲಿರುವವನು, ಅವಳ ಅಮ್ಮನ ನೆರೆಮನೆಯವನು, ಭಾನುವಾರಗಳಲ್ಲಿ ಆ ಮುದುಕಿಗೆ ಬರ್ಚ್ ಸೌದೆ ಒಡೆದುಕೊಡುವವನು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವನು ಕೈ ಚಾಚಿದ್ದ. “ಅಮ್ಮ ಜಾಮ್ ಕಳಿಸಿದ್ದಾಳಾ?”

“ಹೋದ ವಾರದ್ದು ಆಗಲೇ ಮುಗೀತಾ? ಕಾಫಿಗೆ ಸಕ್ಕರೆ ಹಾಕಿದ್ರೇ ಮುಖ ಸಿಂಡರಿಸೋರು ನೀವು!”

“ಮುದುಕನ ನಾಲಿಗೆ, ಹುಡುಗಿ. ಅದು ನಿನ್ನ ಪಟ್ಟಿ ಪ್ರಕಾರ ನಡಿಯಲ್ಲ.”

ಅವಳು ತಂದಿದ್ದ ಸೀಸೆಯನ್ನು ಇಡಿಯಾಗಿ ಎತ್ತಿಕೊಂಡಿದ್ದ. ಅಮ್ಮನಿಗೆ ಸಕ್ಕರೆ ಕಾಯಿಲೆ. ಜಾಮ್ ಮಾಡುವುದೆಲ್ಲ ಮಗಳಿಗಾಗಿ. ಅದರಲ್ಲಿ ಒಂದು ಚಮಚವೂ ಸೊಲ್ವೇಗ್‌ಗೆ ಉಳಿಯುತ್ತಿರಲಿಲ್ಲ.

ಈಗ ಅವಳು ಹಿಲ್ಡಿಂಗ್‌ನನ್ನು ಎದುರಿಗೇ ನಿಲ್ಲಿಸಿಕೊಂಡು ಮುಚ್ಚಳ ತೆಗೆದಳು. ಮೇಲಿನ ಬಟ್ಟೆಗಳನ್ನು ಸರಿಸಿದೊಡನೆ ಒಂದು ಚೀಲ ಸಿಕ್ಕಿತು. ಒಳಗೆ ಬೂದುಬಣ್ಣದ ಪುಡಿ. ಕೈಗವಸುಗಳ ಮೇಲೆ ಗೊಣಗುತ್ತಿದ್ದ ವಿಕಿರಣ ಮಾಪಕ ಪುಡಿಯ ಹತ್ತಿರ ಬಂದಾಗ ಪಟಪಟನೆ ಬಡಿದುಕೊಂಡಿತು.

ವಿಕಿರಣದ ದೂಳನ್ನು ಹಿಡಿದಿಡುವ ಶೋಧಕಗಳ ಕೋಣೆಯ ಮುದ್ರೆಗಳೆಲ್ಲವನ್ನೂ ಅವಳು ಬೆಳಿಗ್ಗೆಯೇ ನೋಡಿ ಬಂದಿದ್ದಳು, ಒಂದೂ ಒಡೆದಿರಲಿಲ್ಲ.

“ಎಲ್ಲಿ ಸೋರಿದೆ, ಹಿಲ್ಡಿಂಗ್?”

“ಇಲ್ಲಿ ಎಲ್ಲೂ ಸೋರಿಲ್ಲ.”

“ಮೂರು ವರ್ಷದಿಂದ ಊರಿನವರ ಮುಂದೆ ನಿಂತು ಹೇಳ್ತಾ ಇದ್ದೀನಿ, ಇಲ್ಲಿಂದ ಒಂದು ಕಣವೂ ಹೊರಗೆ ಹೋಗಲ್ಲ ಅಂತ!”

“ಹೋಗಿಲ್ಲ ತಾಯಿ. ನೀನು ಹೇಳಿದ್ದು ನಿಜವೇ.”

ಊರು ಅವಳನ್ನು ನಂಬಿರಲಿಲ್ಲ. ಚೆರ್ನೋಬಿಲ್ ಅಣುಸ್ಥಾವರ ಸಿಡಿದು, ಅದರ ವಿಕಿರಣದ ಮಳೆ ಇಲ್ಲಿಯೂ ಸುರಿದು ಐದು ವರ್ಷವಾಗಿತ್ತು. ಬೇಟೆಯ ಮಾಂಸವನ್ನು ಇಂದಿಗೂ ಅಳೆಸಿಯೇ ತಿನ್ನುತ್ತಿದ್ದರು. ಬೈಗುಳ ಮಾತ್ರ ಈ ಗವಿಗೆ, ಗವಿ ಕಾಯುವ ಸೊಲ್ವೇಗ್‌ಗೆ.

“ಯಾರನ್ನ ಕಾಪಾಡ್ತಾ ಇದ್ದೀರಿ? ನಾನು ವರದಿ ಬರೆದ್ರೆ ನಿಮ್ಮ ಪಿಂಚಣಿ ಹೋಗುತ್ತೆ.”

“ಹೋಗಲಿ. ಮುಚ್ಚಳ ಹಾಕು. ಮೂರು ಗಂಟೆಯಾಗ್ತಾ ಬಂತು.”

ಅವಳು ತೋಳನ್ನು ಇನ್ನೂ ಆಳಕ್ಕೆ ಇಳಿಸಿದಳು. ಚಿಂದಿಯಲ್ಲಿ ಸುತ್ತಿದ ಗಟ್ಟಿ ವಸ್ತುವೊಂದು ಕೈಗೆ ತಾಕಿತು. ಬಿಚ್ಚಿದಳು. ಗಾಜು. ಒಳಗೆ ಕೆಂಪು. ಮುಚ್ಚಳ ತೆರೆದಿರಲಿಲ್ಲ. ಚೀಟಿಯ ಮೇಲೆ ಅಮ್ಮನ ಓರೆ ಅಕ್ಷರ: ಸ್ಟ್ರಾಬೆರಿ.

ಹಿಲ್ಡಿಂಗ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

“ಆ ಮಳೇಲಿ ನೆಂದ ಬರ್ಚ್ ಮರ ಕಣೇ, ಸುಟ್ಟರೂ ವಿಷ ಬೂದಿಯಲ್ಲೇ ಉಳಿಯುತ್ತೆ. ಒಲೆ ಬೂದಿಯನ್ನೆಲ್ಲ ನಿನ್ನಮ್ಮ ಹಣ್ಣಿನ ಪಾತಿಗೆ ಸುರೀತಿದ್ದಳು. ಹೋದ ಚಳಿಗಾಲದಲ್ಲಿ ಆ ಬೂದಿಯನ್ನ ಅಳೆದು ನೋಡಿ ಬೆಚ್ಚಿಬಿದ್ದೆ. ಊರಿಗೆ ಗೊತ್ತಾದ್ರೆ ಮಳೆಯನ್ನ ಬೈತಾರಾ? ಮಗಳೇ ಗವಿಯಿಂದ ಮನೆಗೆ ಹೊತ್ತು ತಂದಳು ಅಂತಾರೆ. ಅದಕ್ಕೇ ಬೂದಿಯನ್ನ ನಾನು ಇಲ್ಲಿಗೆ ಹೊತ್ತು ತಂದೆ, ನೀನು ತಿನ್ನಬಾರದು ಅಂತ ಜಾಮನ್ನೂ ಇದರಲ್ಲೇ ಹಾಕಿದೆ. ಹೊರಗೆ ಹೋಗೋರನ್ನ ತಲೆಯಿಂದ ಕಾಲವರೆಗೆ ಅಳೀತೀರಿ. ಒಳಗೆ ಬರೋರನ್ನ ಯಾರು ಅಳೀತಾರೆ?”

ಗೋಡೆಯ ಗಡಿಯಾರ ಮೂರಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಸೊಲ್ವೇಗ್ ಸೀಸೆಯನ್ನು ಇದ್ದಲ್ಲಿಯೇ ಇರಿಸಿ, ಪಟ್ಟಿಯನ್ನು ಎಳೆದುಕೊಂಡು, ಸ್ಪ್ಯಾನರ್‌ಗಳ ಕೆಳಗೆ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದಳು:

ಒಲೆಯ ಬೂದಿ, ಎರಡು ಕಿಲೋ. ಜಾಮ್, ನಾನ್ನೂರು ಗ್ರಾಂ. ಎಲ್ಲಿಂದ ಬಂದದ್ದು: ನನ್ನ ಅಮ್ಮನ ಮನೆ.