ಡಬ್ಬಿಯ ಮೇಲಿನ ಮುಖ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಂಗಳವಾರ, ಮಕ್ಕಳ ಆಹಾರದ ಮಾರಾಟಕ್ಕೆ ಒಪ್ಪಿಗೆ ಕೊಡುವ ಹಸಿರು ಮೊಹರನ್ನು ಕಾಯುವ ಒಬ್ಬ ಅಧಿಕಾರಿಯಿದ್ದರು. ಹಸುವಿನ ಹಾಲು ಒಗ್ಗದ ಹಸುಗೂಸುಗಳಿಗೆಂದು ಹೆಸರುಕಾಳಿನ ಪ್ರೋಟೀನ್ ತೆಗೆದು ಪುಡಿ ಮಾಡಿದ್ದ ಹೆಣ್ಣುಮಗಳೊಬ್ಬಳು ಅವರ ಮುಂದೆ ನಿಂತಿದ್ದಳು. ಮೂರು ವರ್ಷದ ಪರೀಕ್ಷೆಗಳೆಲ್ಲ ಮುಗಿದಿದ್ದವು. ಇವತ್ತು ಮೊಹರು ಒತ್ತಿಸಿಕೊಂಡೇ ಬರುತ್ತೇನೆಂದು ಕಾದು ಕುಳಿತ ತಾಯಂದಿರಿಗೆ ಅವಳು ಮಾತು ಕೊಟ್ಟು ಬಂದಿದ್ದಳು.

ಅಧಿಕಾರಿ ಡಬ್ಬಿ ತಿರುಗಿಸಿ ನೋಡಿದರು. "ಪುಡಿ ಸರಿಯಾಗಿದೆ ಕಣಮ್ಮ. ಆದ್ರೆ ಈ ಚಿತ್ರ? ಬೋಳು ತಲೆ, ಗುಂಡು ಕೆನ್ನೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಇಂಥ ಡಬ್ಬಿ ಮೇಲೆ ಮಗು ಚಿತ್ರ ಹಾಕೋ ಹಾಗಿಲ್ಲ ಅಂತ ಕಾನೂನೇ ಇದೆ."

"ಅದು ಮಗು ಅಲ್ಲ ಸಾರ್."

"ಮತ್ತೆ ತಾಯಿನಾ? ಹೆಂಗಸರ ಚಿತ್ರಾನೂ ಹಾಕೋ ಹಾಗಿಲ್ಲ."

"ಹೆಂಗಸೂ ಅಲ್ಲ ಸಾರ್."

"ಏನಮ್ಮ, ನನಗೇ ಒಗಟು ಹಾಕ್ತಿದೀಯಾ? ಹೊಸ ಡಬ್ಬಿ ಮಾಡಿಸ್ಕೊಂಡು ಮುಂದಿನ ವರ್ಷ ಬಾ, ಹೋಗು."

ಅವಳು ಬಾಗಿಲ ಕಡೆ ತಿರುಗಿ ಕೂಗಿದಳು. "ತಾತಾ, ಒಂಚೂರು ಒಳಗೆ ಬಾ. ಸಾಹೇಬ್ರು ನಿನ್ನನ್ನ ಮಗು ಅಂತಿದಾರೆ!"

ಆ ಹೆಸರುಕಾಳು ಬೆಳೆದ ತಾತ ಜರಿಪೇಟ ಸುತ್ತಿಕೊಂಡು, ಬಿಳೀ ಹಲ್ಲು ಹೊಳೆಯಿಸುತ್ತಾ ಗತ್ತಿನಿಂದ ಬಂದರು.

"ಇವರಾ?" ಎಂದು ಅಧಿಕಾರಿ ನಕ್ಕರು. "ಯಾರಿಗಮ್ಮ ಟೋಪಿ ಹಾಕ್ತೀಯಾ?"

ತಾತ ಪೇಟ ಬಿಚ್ಚಿ ಮೊಮ್ಮಗಳ ಕೈಗೆ ಕೊಟ್ಟರು, ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡರು, ಆಮೇಲೆ ಅಧಿಕಾರಿಯನ್ನು ನೋಡಿ ಬಾಯ್ತುಂಬ ನಕ್ಕರು.

ಅಧಿಕಾರಿ ಡಬ್ಬಿಯನ್ನೊಮ್ಮೆ, ತಾತನನ್ನೊಮ್ಮೆ ನೋಡಿ ಮೊಹರು ಒತ್ತಿದರು.