ಬಾಲವಿಲ್ಲದ ದ್ವಾರಪಾಲಕರು

ನರ್ಸ್ ಅಂಗಿಯ ತೋಳು ಮಡಚಿ ಮುಂಗೈ ಚಾಚಿದಾಗ ಶಿಲ್ಪಿಯಕ್ಕನ ಎದೆ ಧಸಕ್ಕೆಂದಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಎರಡು ಸಾಲು ಹಚ್ಚೆ. ಹದಿನಾಲ್ಕು ವರ್ಷದ ಹಿಂದೆ ಆ ಅಕ್ಷರಗಳನ್ನು ಗೀಚಿದವಳು ಶಿಲ್ಪಿಯಕ್ಕನೇ.

"ಇದರ ಅರ್ಥ ಕೇಳೋಕೇ ಬಂದಿದ್ದು ಮೇಡಂ," ಎಂದಳು ನರ್ಸ್. "ನಾಲ್ಕೂ ಭಾಗ ಆಡಿ ಮುಗಿಸಿದೀನಿ. ಐದನೇದನ್ನ ಆಡಿ ನೋಡಿ ಅಂತ ನೀವು ಕರೆದ ದಿನಾನೇ ರಜೆ ಬರೆದುಕೊಟ್ಟೆ."

ಶಿಲ್ಪಿಯಕ್ಕ ಎಂದೂ ಉಳಿ ಮುಟ್ಟಿದವಳಲ್ಲ. ಆಕೆ ಕಡೆಯುವುದೆಲ್ಲ ಕಂಪ್ಯೂಟರಿನಲ್ಲಿ. ಗ್ರಹದಿಂದ ಗ್ರಹಕ್ಕೆ ಹಾರುವ ಒಬ್ಬ ಸೈನಿಕ, ಪ್ರತಿ ಗ್ರಹದ ಹೊಟ್ಟೆಯಲ್ಲೊಂದು ಗುಹೆ, ಒಳಗೆ ಮಹಾರಾಕ್ಷಸ, ಬಾಗಿಲ ಎರಡೂ ಬದಿಗೆ ಕಲ್ಲಿನ ವಿಕಾರ ಪ್ರಾಣಿಗಳು. ಈ ವಿಡಿಯೋ ಗೇಮಿನ ಸರಣಿ ನಡೆದುಕೊಂಡು ಬಂದದ್ದೇ ಹಾಗೆ. ಆ ಪ್ರತಿಮೆಗಳು ಕಂಡವೆಂದರೆ ಆಡುವವರು ಆಟ ಸೇವ್ ಮಾಡಿ, ಬಂದೂಕು ತುಂಬಿ, ಒಂದು ಸಲ ಉಸಿರೆಳೆದುಕೊಂಡು ಒಳಗೆ ಕಾಲಿಡುತ್ತಿದ್ದರು. ಪ್ರತಿಮೆಗಳೋ ಒಂದು ಏಟು ಹೊಡೆದವಲ್ಲ, ಒಂದು ಮಾತಾಡಿದವಲ್ಲ. ಆದರೂ ರಾಕ್ಷಸರನ್ನು ಮರೆತವರು ಇವುಗಳನ್ನು ಮರೆಯಲಿಲ್ಲ. ಇವಕ್ಕೆ ಬಾಲ ಯಾಕಿಲ್ಲ ಎನ್ನುವುದರ ಮೇಲೆ ಅಭಿಮಾನಿಗಳು ಎರಡು ಬಣವಾಗಿ ಮಾತು ಬಿಟ್ಟಿದ್ದರು. ಎಡಗಡೆಯ ಪ್ರತಿಮೆಯ ಪೀಠದ ಮೇಲಿರುವ ಎರಡು ಸಾಲು ಅಳಿದುಹೋದ ಯಾವುದೋ ಜನಾಂಗದ ಲಿಪಿ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ರಾಗ.

"ಹೇಳಿಬಿಡಿ ಅಕ್ಕ," ಎಂದ ಐದನೇ ಭಾಗದ ನಿರ್ದೇಶಕ. ಎರಡು ವರ್ಷದ ಹಿಂದೆ ಕಂಪನಿಗೆ ಬಂದವನು, ಅದಕ್ಕೂ ಮೊದಲು ತಾನೂ ಅಭಿಮಾನಿಯೇ. "ಮೊದಲನೇ ಭಾಗ ಮಾಡಿದವರಲ್ಲಿ ಉಳಿದಿರೋದು ನೀವೊಬ್ರೇ. ನನ್ನ ಕೊನೇ ದೃಶ್ಯ ಪೂರ್ತಿ ಆ ಎರಡು ಸಾಲಿನ ಮೇಲೆ ನಿಂತಿದೆ. ನೆನಪಿಲ್ಲ ಅಂದ್ರೂ ಪರವಾಗಿಲ್ಲ, ನಾನೇ ಒಂದು ಬರೆದಿಟ್ಟಿದೀನಿ: 'ಸಾವಿಗೆ ಅಂಜದವನೇ, ಒಳಗೆ ಬಾ.' ಹೇಗಿದೆ?"

ಎಂಥ ಅನುಕೂಲ! 'ಹೂಂ, ಅದೇ' ಎಂದರೆ ಮುಗಿಯಿತು. ದೃಶ್ಯವೂ ಉಳಿಯಿತು, ಮಾನವೂ ಉಳಿಯಿತು. ಶಿಲ್ಪಿಯಕ್ಕ ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ನರ್ಸ್, "ಆಪರೇಷನ್‌ಗೆ ಮುಂಚೆ ಕೈ ತೊಳೀತೀವಲ್ಲ, ಆಗೆಲ್ಲ ಇದನ್ನೇ ನೋಡ್ಕೋತೀನಿ ಮೇಡಂ. ನನ್ನ ಜೊತೆ ಯಾರೋ ಇದಾರೆ ಅನ್ಸತ್ತೆ," ಎಂದಳು.

ಕಂಪ್ಯೂಟರಿನ ಕಲ್ಲಿನ ಬಗ್ಗೆ ಎಷ್ಟು ಬೇಕಾದರೂ ಬುರುಡೆ ಬಿಡಬಹುದು. ಒಬ್ಬಳು ನಂಬಿ ಮೈಮೇಲೆ ಚುಚ್ಚಿಸಿಕೊಂಡದ್ದರ ಬಗ್ಗೆ ಹೇಗೆ ಬಿಡುವುದು? ನಿಜ ಹೇಳಿದರೆ ಈ ಹುಡುಗಿ ಅತ್ತುಬಿಟ್ಟಾಳು ಎಂಬ ಭಯ ಬೇರೆ. ಕೊನೆಗೆ ಶಿಲ್ಪಿಯಕ್ಕ ಬ್ಯಾಗಿನಿಂದ ಪುಟ್ಟ ಕನ್ನಡಿ ತೆಗೆದು ಆ ಮುಂಗೈಗೆ ಎದುರಾಗಿ ಹಿಡಿದಳು.

"ನೀನೇ ಓದಮ್ಮ."

ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರ. ನರ್ಸ್ ಕಣ್ಣು ಕಿರಿದು ಮಾಡಿ ಒಂದೊಂದಾಗಿ ಕೂಡಿಸಿದಳು. "ಬಾಲ... ಬಾಕಿ. ಊಟ... ಮಾಡಿ ಬಂದು... ಮುಗಿಸು."



"ಆವತ್ತು ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರ್ಲಿಲ್ಲ," ಎಂದಳು ಶಿಲ್ಪಿಯಕ್ಕ ನೆಲ ನೋಡುತ್ತ. "ಮರೀಬಾರ್ದು ಅಂತ ಮೌಸ್‌ನಲ್ಲಿ ಪೀಠದ ಮೇಲೇ ಗೀಚಿಟ್ಟು ಹೋದೆ. ವಾಪಸ್ ಬರೋಷ್ಟರಲ್ಲಿ ಟೀಮಿನವರು, ಕೆಲಸ ಮುಗೀತು ಅಂದ್ಕೊಂಡು ಆ ಪ್ರತಿಮೇನೇ ಬಲಗಡೆಗಿಟ್ಟು, ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ಎಡಗಡೆಗೊಂದು ಮಾಡಿ, ಗೇಮಿಗೆ ಸೇರಿಸಿಬಿಟ್ಟಿದ್ರು. ಬಲಗಡೇದರ ಪೀಠ ಬಿದ್ದ ಕಂಬದ ಹಿಂದೆ ಮುಚ್ಚಿಹೋಯ್ತು. ಎಡಗಡೇದು ಲಿಪಿ ಆಗಿ ಕೂತ್ಕೊಳ್ತು. ಮೊದಲು ನಾಚಿಕೆಗೆ ಬಾಯಿ ಬಿಡ್ಲಿಲ್ಲ. ಆಮೇಲೆ ಜನ ಅದನ್ನ ತಲೆ ಮೇಲೆ ಹೊತ್ಕೊಂಡ್ರು, ಹೆದರಿಕೆಗೆ ಬಿಡ್ಲಿಲ್ಲ. ನಿನ್ನ ಕೈ ನೋಡಿದ ಮೇಲೆ ತಡೆಯೋಕಾಗ್ಲಿಲ್ಲ. ತಪ್ಪಾಯ್ತಮ್ಮ."

ನಿರ್ದೇಶಕ ಇಂಗು ತಿಂದ ಮಂಗನಂತಾಗಿದ್ದ. "ನನ್ನ ಕೊನೇ ದೃಶ್ಯ..." ಎಂದಷ್ಟೇ ಹೊರಟಿತು.

ನರ್ಸ್ ತಲೆ ತಗ್ಗಿಸಿ ಕೈಯನ್ನೇ ನೋಡುತ್ತಿದ್ದಳು. ಅವಳ ಭುಜ ಅಲುಗತೊಡಗಿತು. ಅತ್ತೇ ಬಿಟ್ಟಳೆಂದು ಶಿಲ್ಪಿಯಕ್ಕ ಹತ್ತಿರ ಸರಿದರೆ, ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ!

"ಹನ್ನೊಂದು ವರ್ಷದ ಡ್ಯೂಟೀಲಿ ಒಂದಿನಾನೂ ಹೊತ್ತಿಗೆ ಸರಿಯಾಗಿ ಉಂಡವಳಲ್ಲ ಮೇಡಂ ನಾನು. ನಮ್ಮಮ್ಮ ಊಟ ಮಾಡೇ, ಊಟ ಮಾಡೇ ಅಂತ ಬಾಯಿ ಬಡ್ಕೊಂಡಿದ್ದೇ ಬಂತು. ಅದನ್ನೇ ಕೈ ಮೇಲೆ ಬರೆಸ್ಕೊಂಡು ತಿರುಗ್ತಿದ್ದೆ ಅಂತ ಗೊತ್ತಾದ್ರೆ ಅವಳು ಊರಿಗೆಲ್ಲ ಹೇಳ್ಕೊಂಡು ಬರ್ತಾಳೆ!" ಕಣ್ಣೊರೆಸಿಕೊಂಡು ನಿರ್ದೇಶಕನ ಕಡೆ ತಿರುಗಿದಳು. "ಸಾವು ಗೀವು ಬೇಡ ಸರ್. ಆ ಮಾತು ಆಸ್ಪತ್ರೇಲಿ ಬೇಕಾದಷ್ಟು ಕೇಳ್ತೀವಿ. ಇದೇ ಇರ್ಲಿ."

ಶಿಲ್ಪಿಯಕ್ಕನಿಗೆ ಹದಿನಾಲ್ಕು ವರ್ಷದ ಭಾರ ಇಳಿದಂತಾಗಿ ನಗುವೂ ಅಳುವೂ ಒಟ್ಟಿಗೆ ಬಂತು. ಗೋಡೆಯ ಗಡಿಯಾರದಲ್ಲಿ ಒಂದೂವರೆ. ದೊಡ್ಡ ಪರದೆಯ ಮೇಲೆ ಐದನೇ ಭಾಗದ ಮೊದಲ ಗುಹೆ ಬಾಯಿ ತೆರೆದಿತ್ತು, ಸೈನಿಕ ಎರಡು ಪ್ರತಿಮೆಗಳ ನಡುವೆ ಬಂದೂಕು ಹಿಡಿದು ನಿಂತಿದ್ದ. ನರ್ಸ್ ಅಲ್ಲಿಯವರೆಗೆ ಆಡಿದ್ದ ಆಟ ಸೇವ್ ಮಾಡಿ ಎದ್ದಳು.

"ಏಳಿ ಮೇಡಂ, ನನಗೂ ಹೊಟ್ಟೆ ಚುರುಗುಟ್ತಿದೆ. ಒಳಗಿರೋನನ್ನ ಬಂದು ಮುಗಿಸ್ತೀನಿ."

ಇಬ್ಬರೂ ಬಾಗಿಲು ದಾಟುವಾಗ ನಿರ್ದೇಶಕ ಹಿಂದಿನಿಂದ ಕೂಗಿದ: "ಅಕ್ಕಾ, ಹಾಗಾದ್ರೆ ಆ ಬಾಲ?"

"ಹದಿನಾಲ್ಕು ವರ್ಷ ಕಾದಿದೆ," ಎಂದಳು ಶಿಲ್ಪಿಯಕ್ಕ, "ಊಟ ಆಗೋವರೆಗೆ ಕಾಯಲ್ವಾ? ನೀವೂ ಬನ್ನಿ."