ಪಕ್ಕದಲ್ಲೇ ಓಡಿದ ಕಾರು

ಕಾರನ್ನು ತಂಗಿ ಓಡಿಸುತ್ತಿದ್ದಳು.

ಎರಡನೆಯ ಗೇಟಿನ ಬಳಿ, ರೈಲಿನ ಕಿಟಕಿಯಿಂದ ಅದನ್ನು ಕಂಡ ಅಕ್ಕನ ಮೈ ಉರಿದುಹೋಯಿತು. ಮದುವೆಯಾಗಿ ಹನ್ನೊಂದು ವರ್ಷ. ಗಂಡ ಆ ಕಾರಿನ ಕೀಲಿಯನ್ನು ಒಂದು ದಿನವೂ ಅವಳ ಕೈಗೆ ಕೊಟ್ಟವನಲ್ಲ. "ಕ್ಲಚ್ ಸುಟ್ಟುಹಾಕ್ತೀಯ" ಎನ್ನುತ್ತಿದ್ದ. ಈಗ ನೋಡಿದರೆ ಸ್ಟಿಯರಿಂಗ್ ತಂಗಿಯ ಕೈಯಲ್ಲಿ. ಅವನೋ ಪಕ್ಕದ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ, ಮಹಾರಾಜನ ಹಾಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ತಂಗಿ ಗೇಟಿನಲ್ಲಿ ಕಾರು ನಿಲ್ಲಿಸಿ, ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೈ ಬೀಸಿದಳು. ಅಕ್ಕ ಮುಖ ತಿರುಗಿಸಿದಳು.

ವರ್ಷಕ್ಕೆ ಒಂದೇ ಸಲ ಹೊರಡುವ ಹಳೆಯ ಉಗಿರೈಲು ಅದು. ಎರಡು ಟಿಕೆಟಿಗಾಗಿ ಅವಳು ನಾಲ್ಕು ತಿಂಗಳ ಹಿಂದೆಯೇ ಸಾಲಿನಲ್ಲಿ ನಿಂತಿದ್ದಳು. ಬೆಳಿಗ್ಗೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು ನೋಡಿದ್ದೇ ಗಂಡ ರಾಗ ಬದಲಿಸಿದ. "ಈ ಕಲ್ಲಿದ್ದಲ ಹೊಗೆ ನನಗಾಗಲ್ಲ ಕಣೆ. ನೀನು ಹೋಗು. ನಾನು ಕಾರಲ್ಲಿ ಜೊತೆಜೊತೆಗೇ ಬರ್ತೀನಿ, ಗೇಟುಗಳ ಹತ್ತಿರ ಫೋಟೋ ತೆಗೀತೀನಿ." ಬೀಳ್ಕೊಡಲು ಬಂದಿದ್ದ ತಂಗಿ ಥಟ್ಟನೆ, "ಹಾಗಾದ್ರೆ ಭಾವನ ಜೊತೆ ನಾನಿರ್ತೀನಿ" ಎಂದಳು. ಯಾರೂ ಕೇಳಿರಲಿಲ್ಲ.

ಎರಡು ತಿಂಗಳಿಂದ ಹೀಗೇ. ಔಷಧಿ ಅಂಗಡಿಯ ಕೆಲಸ ಮುಗಿಸಿಕೊಂಡು ತಂಗಿ ದಿನಾ ಮನೆಗೆ ಹಾಜರ್. ಅಡುಗೆಮನೆಯಲ್ಲಿ ಭಾವ-ನಾದಿನಿಯರ ಗುಸುಗುಸು. ಅಕ್ಕ ಒಳಗೆ ಕಾಲಿಟ್ಟರೆ ಇಬ್ಬರ ಬಾಯಿಗೂ ಬೀಗ. ಒಮ್ಮೆಯಂತೂ ತಂಗಿ ಅವನ ಮಣಿಕಟ್ಟು ಹಿಡಿದುಕೊಂಡೇ ಕೂತಿದ್ದಳು. "ಏನೇ ಇದು?" ಎಂದರೆ "ಏನಿಲ್ಲಕ್ಕ." ಅವತ್ತು ಮನೆಯಲ್ಲಿ ಮೂರು ಪಿಂಗಾಣಿ ತಟ್ಟೆ ಒಡೆದವು. ಕೈಜಾರಿ ಅಲ್ಲ.

ರೈಲು ಗೇಟು ದಾಟುತ್ತಿದ್ದಂತೆ ಫೋನ್ ಬಂತು. ತಂಗಿಯದು. ಅಕ್ಕ ಕಟ್ ಮಾಡಿದಳು. ಮತ್ತೆ ಬಂತು. ಸ್ವಿಚ್ ಆಫ್ ಮಾಡಿ ಗಂಡನ ಖಾಲಿ ಸೀಟಿನ ಮೇಲೆ ಬಿಸಾಡಿದಳು.

ಮೂರನೆಯ ಗೇಟಿನಲ್ಲಿ ಇಬ್ಬರೂ ಕಾರಿನಿಂದ ಇಳಿದು ನಿಂತಿದ್ದರು. ಅಲ್ಲ, ನಿಂತಿದ್ದವಳು ತಂಗಿ. ಅವನು ಅವಳ ಹೆಗಲಿಗೆ ತಲೆಯಿಟ್ಟಿದ್ದ. ಅವಳ ತೋಳು ಅವನ ಸೊಂಟ ಬಳಸಿತ್ತು. ಅವನ ಅಂಗಿಯ ಗುಂಡಿಗಳು ಬಿಚ್ಚಿದ್ದವು. ಹಗಲು ಹೊತ್ತಿನಲ್ಲಿ, ನಡುರಸ್ತೆಯಲ್ಲಿ, ಇನ್ನೂರು ಜನರ ಕಣ್ಣೆದುರಿಗೆ!

ಅಕ್ಕನ ಬೋಗಿ ಹತ್ತಿರವಾದೊಡನೆ ತಂಗಿ ಅವನನ್ನು ಕಾರಿಗೆ ಒರಗಿಸಿ ಓಡಿಬಂದಳು. ರೈಲಿನ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತ ಬೆರಳುಗಳನ್ನು ಬಾಯಿಗೆ ತಂದಳು, ಅಂಗೈ ಚಾಚಿದಳು. ಮತ್ತೆ ಬಾಯಿಗೆ, ಮತ್ತೆ ಚಾಚಿದಳು. ಮುತ್ತು ತೂರುತ್ತಿದ್ದಾಳೆ! ಗೆದ್ದವಳ ಸೊಕ್ಕು! ಏನೋ ಕೂಗಿದಳು ಕೂಡ. ಎಂಜಿನ್ನಿನ ಸಿಳ್ಳೆಯಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಅಕ್ಕ ಕಿಟಕಿಯ ಷಟರನ್ನು ಧಡ್ಡನೆ ಇಳಿಸಿದಳು.

ಬೋಗಿಯಲ್ಲಿ ಅಡ್ಡಾಡುತ್ತಿದ್ದ ಗಾರ್ಡ್ ಬಳಿಗೆ ಬಂದ. "ಆ ಬಿಳಿ ಕಾರಿನವರು ನಿಮ್ಮನ್ನೇ ಕರೀತಿರೋ ಹಾಗಿತ್ತಲ್ಲಮ್ಮ. ನಿಮ್ಮೋರಾ?"

"ಇವತ್ತು ಬೆಳಿಗ್ಗೆ ತನಕ ಹಾಗಂದ್ಕೊಂಡಿದ್ದೆ."

"ಏನಾದ್ರೂ ತೊಂದರೆಯಾ? ಬೇಕಾದ್ರೆ ಗಾಡಿ ನಿಲ್ಲಿಸಿ..."

"ನಿಲ್ಲಿಸಬೇಡಿ," ಎಂದಳು ಅಕ್ಕ. "ಅವರು ನನಗೆ ಏನೂ ಆಗಬೇಕಾಗಿಲ್ಲ."

ಗಾರ್ಡ್ ತಲೆಯಾಡಿಸಿ ಮುಂದೆ ಹೋದ.

ಅಲ್ಲಿಂದ ಐದು ಕಿಲೋಮೀಟರ್ ರಸ್ತೆಯೂ ಹಳಿಯೂ ಅಕ್ಕಪಕ್ಕ. ಷಟರಿನ ಆಚೆ ಹಾರ್ನ್ ಒಂದೇ ಸಮನೆ ಅರಚುತ್ತಿತ್ತು. ಎಂಜಿನ್ ಡ್ರೈವರ್ ಹುರುಪೇರಿ ಉದ್ದಕ್ಕೆ ಸಿಳ್ಳೆ ಹಾಕಿ ಉತ್ತರ ಕೊಟ್ಟ. ಜನ ಕಿಟಕಿಗಳಿಗೆ ಮುಗಿಬಿದ್ದು ಚಪ್ಪಾಳೆ ತಟ್ಟಿದರು, ವಿಡಿಯೋ ಮಾಡಿದರು. "ಹುಡುಗಿಗೆ ಎಂಥಾ ರೈಲು ಹುಚ್ಚು ನೋಡ್ರೀ!" ಎಂದು ಹಿಂದಿನ ಸೀಟಿನವನೊಬ್ಬ ನಕ್ಕ. ಅಕ್ಕ ಹಲ್ಲು ಕಚ್ಚಿ ಕೂತಳು. ಆಮೇಲೆ ಹಾರ್ನ್ ನಿಂತಿತು.

ಕೊನೆಯ ಸ್ಟೇಷನ್ ಬರುವಷ್ಟರಲ್ಲಿ ಆಡಬೇಕಾದ ಮಾತುಗಳನ್ನೆಲ್ಲ ಅವಳು ಮಸೆದಿಟ್ಟುಕೊಂಡಿದ್ದಳು. ಜನ ಎಂಜಿನ್ನಿನ ಮುಂದೆ ಫೋಟೋಗೆ ನೂಕಾಡುತ್ತಿದ್ದರು. ಸ್ಟೇಷನ್ನಿನ ಹೊರಬಾಗಿಲಲ್ಲಿ ತಂಗಿ ಒಬ್ಬಳೇ ನಿಂತಿದ್ದಳು. ಕೂದಲು ಕೆದರಿತ್ತು. ಕಣ್ಣು ಕೆಂಪಗಿತ್ತು.

"ಎಲ್ಲಿ ನಿನ್ನ ಭಾವ?"

"ಕಾರಲ್ಲಿದ್ದಾರೆ."

"ಇಳಿದು ಬರೋಕೆ ಮುಖ ಇಲ್ವಾ?"

ತಂಗಿ ತಲೆ ತಗ್ಗಿಸಿದಳು. ಅದೇ ಅಕ್ಕನಿಗೆ ಸಾಕ್ಷಿಯಾಯಿತು. ಕೈ ಎತ್ತಿ ಕೆನ್ನೆಗೆ ಬಾರಿಸಿದಳು. ಎಂಜಿನ್ನಿನ ಮುಂದಿದ್ದವರೂ ತಿರುಗಿ ನೋಡಿದರು.

ತಂಗಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಅಕ್ಕನ ಹೆಗಲಲ್ಲಿದ್ದ ಬ್ಯಾಗಿನ ಜಿಪ್ ಎಳೆದು, ಒಳಗಿನಿಂದ ಭಾವನ ಕನ್ನಡಕದ ಡಬ್ಬಿ ತೆಗೆದಳು. ಅದರಲ್ಲಿ ಕನ್ನಡಕ ಇರಲಿಲ್ಲ.

"ಹೃದಯದ ಮಾತ್ರೆ," ಎಂದಳು. "ಗೊತ್ತಾದ್ರೆ ನೀನು ಕೂಗಾಡ್ತೀಯ ಅಂತ ಇದರಲ್ಲಿ ಬಚ್ಚಿಟ್ಕೋತಿದ್ರು. ಬೆಳಿಗ್ಗೆ ಮರೆತು ನಿನ್ನ ಬ್ಯಾಗಿಗೇ ಹಾಕಿಬಿಟ್ಟಿದ್ರು. ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ ಇತ್ತು. ನೀನು ಪಕ್ಕದಲ್ಲೇ ಇದ್ದೆ."

ಅವಳು ಡಬ್ಬಿಯನ್ನು ಅಕ್ಕನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಕಿಟಕಿಯಿಂದ ಎಸೆದಿದ್ರೆ ಸಾಕಾಗಿತ್ತಕ್ಕ."